ಗೋಡೆಯ ನೀಲಿ

ಅಮ್ಮಾ,

ನಾವಿಬ್ಬರೂ ಫೋಟೊ ತೆಗೆಸಿಕೊಂಡ ದಿನಕ್ಕೆ ನಾನು ನಿನಗೆ ಹೇಳದೆ ಶಾಲೆ ಬಿಟ್ಟು ಎರಡು ತಿಂಗಳಾಗಿತ್ತು. ಯೂನಿಫಾರ್ಮಿಗೆ ನೀನೇ ಇಸ್ತ್ರಿ ಹಾಕಿಕೊಟ್ಟಿದ್ದೆ. ನೀನು ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ.

ನಿನ್ನದು ಅಂತ ಉಳಿದಿರುವುದು ಅದೊಂದೇ ಫೋಟೊ. "ಅಮ್ಮ ಒಬ್ಬಳೇ ಇರೋ ಹಾಗೆ ಮಾಡಿಕೊಡೋ" ಅಂದಳು ಅಕ್ಕ. ಇವತ್ತು ನಾನು ಕೆಲಸ ಮಾಡುವ ಸ್ಟುಡಿಯೊದ ಕಂಪ್ಯೂಟರಿನಲ್ಲಿ ನನ್ನ ಸುತ್ತ ಗೆರೆ ಎಳೆದು, ಬಣ್ಣ ತುಂಬುವ ಬಕೆಟ್ಟಿನ ಗುರುತನ್ನು ಒಳಗೆ ಒತ್ತಿದೆ. ಒಂದೇ ಸಲಕ್ಕೆ ನಾನು ಹಿಂದಿನ ಗೋಡೆಯ ನೀಲಿಯಾಗಿಬಿಟ್ಟೆ. ನನ್ನ ಹೆಗಲ ಮೇಲಿದ್ದ ನಿನ್ನ ಕೈ ಮಾತ್ರ ಗಾಳಿಯಲ್ಲಿ ಉಳಿಯಿತು.

"ಆ ಕೈಗೂ ನೀಲಿ ಸುರಿಯೋ, ದೆವ್ವಾನ ಹಿಡಕೊಂಡ ಹಾಗಿದೆ" ಅಂದರು ಯಜಮಾನರು.

"ಆಗಲ್ಲ ಸಾರ್."

ಹಾಗೆಯೇ ಪ್ರಿಂಟ್ ತೆಗೆದುಕೊಟ್ಟೆ. ಅಕ್ಕ ಆ ಕೈಯ ಮೇಲೆ ಬೆರಳಿಟ್ಟಳು. "ಯಾರನ್ನ ಹಿಡಕೊಂಡಿದ್ದಾಳೆ ಅಂತ ಕೇಳಿದರೆ?"

"ನನ್ನನ್ನ ಅಂತ ಹೇಳು."

ಬೇರೆ ಊರಿನ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿದೆ. ಈ ಸಲ ನಿನಗೆ ಹೇಳಿಯೇ ಹೊರಡುತ್ತಿದ್ದೇನೆ, ನಾಳೆ ಬೆಳಿಗ್ಗೆ.