ಬೆಲ್ಲ ಹಾಕಿದ ಗೋಡೆ

ಸತ್ವಾ, ದುಬೈ
ಮಂಗಳವಾರ ಸಂಜೆ, ೧೯ ನವೆಂಬರ್ ೨೦೨೪

ನನ್ನ ಅಶ್ಮಿತಾ ಮಗಳಿಗೆ,

ಅಮ್ಮ ಕಾಗದ ಬರೆದಳೆಂದು ಹೆದರಬೇಡ ಎಂದು ಶುರು ಮಾಡುವವಳಿದ್ದೆ. ಸುಳ್ಳು ಯಾಕೆ? ಹೆದರು. ಶನಿವಾರದಿಂದ ನಾನು ಹೆದರಿ ಸಾಯುತ್ತಿದ್ದೇನೆ. ಗುರುವಾರ ಆ ಹಳೆಯ ಮನೆಯ ಮಹಡಿಯನ್ನು ಯಾರೂ ಹತ್ತಬಾರದು. ಅದನ್ನು ತಡೆಯುವ ಅಧಿಕಾರ ಇರುವುದು ನಿನ್ನ ಸಹಿಗೆ.

ವಾಯ್ಸ್ ಮೆಸೇಜ್ ಕಳಿಸಿದರೆ ನೀನು ವೇಗ ಹೆಚ್ಚಿಸಿ ಕೇಳುತ್ತೀ, ಗೊತ್ತು. ಫೋನ್ ಮಾಡಿದರೆ ಬನಿಯಾಸ್ ಸೈಟಿನಲ್ಲಿದ್ದೇನೆ, ಆಮೇಲೆ ಅಮ್ಮ, ಎನ್ನುತ್ತೀ. ಕನ್ನಡವಾದರೆ ಅಕ್ಷರ ಅಕ್ಷರ ಕೂಡಿಸಿಯೇ ಓದಬೇಕು. ನಿಧಾನ ಓದು ಮಗಾ.

ಆ ಮನೆ ಇಂಜಿನಿಯರ್ ಆದ ನಿನಗೆ ನಕ್ಷೆಯಲ್ಲಿ ಗೊತ್ತು. ಬುಡದ ಗೋಡೆ ಐನೂರು ವರ್ಷದ ಹಿಂದಿನದೆಂದು ಪುರಾತತ್ವದವರು ಹೇಳಿದರು. ಅದರ ಮೇಲೆ ಯಾರೋ ಮುತ್ತಿನ ವ್ಯಾಪಾರಿ ಸಮುದ್ರದಿಂದ ಹವಳದ ಕಲ್ಲು ತೆಗೆಸಿ ಮಹಡಿ ಎಬ್ಬಿಸಿದ. ಅವನ ಮೊಮ್ಮಕ್ಕಳು ಬಿಟ್ಟುಹೋದ ಮೇಲೆ ಪ್ಲೈವುಡ್ ಅಡ್ಡ ಹಾಕಿ ಕೋಣೆಗೆ ಎಂಟೆಂಟು ಮಂದಿ ಮಲಗಿದರು. ಮತ್ಯಾರೋ ಸಿಮೆಂಟು ಮೆತ್ತಿದರು. ಉಪ್ಪು ಒಳಗೇ ಸಿಕ್ಕಿಬಿದ್ದು ಕಲ್ಲು ಹಿಟ್ಟಾಯಿತು. ಆ ಸಿಮೆಂಟನ್ನೆಲ್ಲ ಕೆರೆದು, ಬರೇ ಸುಣ್ಣದ ಗಾರೆಯಲ್ಲಿ ಮನೆಯನ್ನು ಮತ್ತೆ ನಿಲ್ಲಿಸುವ ಕೆಲಸ ನಮ್ಮ ಕಂಪೆನಿಗೆ ಸಿಕ್ಕಿತು. ಗಾರೆಯ ಉಸ್ತುವಾರಿ ನನಗೆ ಕೊಟ್ಟ ದಿನ ನಾನು ಎಷ್ಟು ಮೆರೆದೆ! ನೀನೇ ಕೇಕ್ ತಂದಿದ್ದೆ.

ಸುಣ್ಣ, ಮರಳು, ನೀರು, ಇವಿಷ್ಟೇ, ಬೇರೊಂದು ಚಿಟಿಕೆಯೂ ಕೂಡದು ಎಂದು ಕನ್ಸಲ್ಟೆಂಟ್ ನೆವಿಲ್ ಸರ್ ಮೂರು ಸಲ ಹೇಳಿದ್ದರು. ನನಗೆ ಒಳಗೊಳಗೇ ನಗು. ನಿನ್ನ ಅಜ್ಜ ಬಸದಿಗಳಿಗೆ, ಗುತ್ತಿನ ಮನೆಗಳಿಗೆ ಗಾರೆ ಹಾಕಿದವರು, ಬೆಲ್ಲದ ನೀರಿಲ್ಲದೆ ಸುಣ್ಣ ಮುಟ್ಟಿದವರಲ್ಲ. ಈ ಕೋಟು ಹಾಕಿದವರಿಗೆ ಎಂತ ಗೊತ್ತು ಎಂದುಕೊಂಡೆ. ಮಹಡಿಯ ತೊಲೆಗಳ ತುದಿ ಕೂರುವ ಗೂಡುಗಳಿಗೆ ಗಾರೆ ತುಂಬುವ ವಾರ, ಇಲ್ಲಿಯ ಅಡುಗೆಮನೆಯಲ್ಲಿ ದಿನಾ ಬೆಲ್ಲ ಕುದಿಸಿದೆ. ಪಕ್ಕದ ಕೋಣೆಯ ಸಕೀನ, ಎಂತ ಅಕ್ಕ, ದಿನಾ ಪಾಯಸವಾ, ನಮಗೆ ಒಂದು ಲೋಟ ಇಲ್ಲವಾ ಎಂದು ಕೀಟಲೆ ಮಾಡಿದಳು. ಲಬಾನ್ ಮಜ್ಜಿಗೆಯ ಖಾಲಿ ಬಾಟಲಿಗೆ ತುಂಬಿಸಿ ಬ್ಯಾಗಿನಲ್ಲಿ ಅಡಗಿಸಿಕೊಂಡು ಹೋದೆ. ಯಾರೂ ಇಲ್ಲದಾಗ ಗಾರೆಗೆ ಸುರಿದೆ. ಅಜ್ಜನ ಅಳತೆ, ಒಂದು ಹನಿ ಹೆಚ್ಚಿಲ್ಲ.

ಇಪ್ಪತ್ತೆಂಟು ದಿನ ಕಳೆದ ಮೇಲೆ ಗಾರೆಯ ಒಳಗೆ ಕೊರೆದು ನೋಡಿ ತಪಾಸಣೆಯ ಹಾಳೆ ತುಂಬಬೇಕಿತ್ತು. ಮೇಲಿನಿಂದ ಬೆರಳ ಗೆಣ್ಣಿನಲ್ಲಿ ಕುಟ್ಟಿದೆ, ಟಣ್ ಎಂದಿತು. ಇಷ್ಟು ಚಂದದ ಗಾರೆಗೆ ತೂತು ಹಾಕಲು ಮನಸ್ಸು ಬರಲಿಲ್ಲ. ಹತ್ತೂ ಗೂಡುಗಳ ಎದುರು ಗಟ್ಟಿ ಎಂದು ಬರೆದೆ. ಆ ಹಾಳೆಯನ್ನು ನೋಡಿಯೇ ನೀನು ಮಹಡಿ ಮೂವತ್ತು ಜನರ ಭಾರ ತಡೆಯುತ್ತದೆ ಎಂದು ಸಹಿ ಹಾಕಿದೆ. ಅಮ್ಮ ಬರೆದದ್ದಲ್ಲವಾ ಎಂದು ಎರಡನೇ ಸಲ ಕೇಳಲೂ ಇಲ್ಲ. ಕಳೆದ ಬುಧವಾರ, ಅಲ್ಲಿಯವರೆಗೆ ತೊಲೆಗಳನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದ ಜಾಕಿಗಳನ್ನು ತೆಗೆದರು.

ಶನಿವಾರ ದೀಪದ ವಯರಿಗೆಂದು ಒಂದು ಗೂಡಿನ ಬದಿಯಲ್ಲಿ ಮೊಳೆ ಹಿಡಿದೆ. ಮೇಲಿನ ಪದರ ಒಡೆಯಲು ಒಂದು ಪೆಟ್ಟು ಸಾಕಾಯಿತು. ಮತ್ತೆ ಸುತ್ತಿಗೆಯೇ ಬೇಡ, ಹೆಬ್ಬೆರಳಲ್ಲಿ ಒತ್ತಿದರೆ ಮೊಳೆ ತಲೆಯವರೆಗೆ ಇಳಿಯಿತು. ಹೊರಗೆಳೆದಾಗ ಅದಕ್ಕೆ ಕಂದು ಬಣ್ಣದ ಹಸಿ ಗಾರೆ ಅಂಟಿತ್ತು. ಏಳು ವಾರ ಕಳೆದರೂ ಹಸಿ!

ಮೇಸ್ತ್ರಿ ಪುರಂದರಣ್ಣ ಕೆಳಗಿದ್ದರು. ಕರೆದು ತೋರಿಸಿದೆ. ಇನ್ನು ಅಡಗಿಸಿ ಎಂತ ಪ್ರಯೋಜನ ಎಂದು ಬೆಲ್ಲದ ವಿಷಯವನ್ನೂ ಹೇಳಿದೆ. ಅಯ್ಯೋ ಅಕ್ಕ, ನೀವೂ ಹಾಕಿದ್ರಾ, ಎಂದು ಅಲ್ಲೇ ಕುಳಿತುಬಿಟ್ಟರು.

ಅವರೂ ನಮ್ಮ ಹಾಗೆ ಕಾರ್ಕಳದವರಲ್ಲವಾ. ಅವರ ಅಪ್ಪನೂ ಗಾರೆಯವರೇ. ನಾನು ಬರುವ ಅರ್ಧ ಗಂಟೆ ಮೊದಲೇ ಬಂದು, ಅವರದೇ ಅಳತೆಯಲ್ಲಿ ಗಾರೆಗೆ ಬೆಲ್ಲದ ನೀರು ಬೆರೆಸಿ ಇಡುತ್ತಿದ್ದರಂತೆ. ನೆವಿಲ್ ಸರ್‌ಗೆ ಹೆದರಿ ಅವರು ನನಗೆ ಹೇಳಲಿಲ್ಲ, ನಾನು ಅವರಿಗೆ ಹೇಳಲಿಲ್ಲ. ಬೆಲ್ಲ ಅಳತೆಯಲ್ಲಿದ್ದರೆ ಗಾರೆಗೆ ಬಲ. ಎರಡು ಪಾಲು ಬಿದ್ದರೆ ಸುಣ್ಣ ಹಿಡಿಯುವುದೇ ಇಲ್ಲ. ಒಂದೇ ಊರ ಕಡೆಯ ಇಬ್ಬರು ಮುಠ್ಠಾಳರು ಸೇರಿ ಹತ್ತು ಗೂಡನ್ನೂ ಹಾಳು ಮಾಡಿದೆವು.

ದೊಡ್ಡ ತೊಲೆಯ ಬದಿಯ ಗೋಡೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಇಟ್ಟಿದ್ದೇನೆ. ಶನಿವಾರದಿಂದ ತೊಲೆ ಅದಕ್ಕಿಂತ ಅರ್ಧ ಬೆರಳು ಕೆಳಗೆ ಇಳಿದಿದೆ. ಇವತ್ತು ಬಿಸಿಲೇರಿದಾಗ ಗೂಡಿನಿಂದ ಮರಳು ಸುರಿಯಿತು. ಇಡೀ ದಿನ ಆ ಮರಳನ್ನು ಗುಡಿಸುವುದೇ ನನ್ನ ಕೆಲಸವಾಗಿದೆ, ಯಾರ ಕಣ್ಣಿಗೂ ಬೀಳಬಾರದೆಂದು. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿದರೆ ಪೊರಕೆಯನ್ನು ಬಾಗಿಲ ಹಿಂದೆ ಅಡಗಿಸುತ್ತೇನೆ.

ಗುರುವಾರ ಉದ್ಘಾಟನೆ. ಹನ್ನೊಂದು ಗಂಟೆಗೆ ಮಹಡಿಯ ಮಜ್ಲಿಸ್‌ನಲ್ಲಿ, ಆ ಅತಿಥಿಗಳ ಚಾವಡಿಯಲ್ಲಿ, ಮೂವತ್ತು ಜನ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ವೀಸಾ ಖಲಾಸ್. ಪುರಂದರಣ್ಣನ ಮಗಳ ಮದುವೆ ಜನವರಿಯಲ್ಲಿ; ಅಕ್ಕ, ನನ್ನ ಹೆಸರು ಹೇಳಬೇಡಿ ಎಂದು ಅವರು ಕೈ ಮುಗಿದರು. ನಿನ್ನ ಹೆಸರಿಗೂ ಮಸಿ. ಇದನ್ನೆಲ್ಲ ಯೋಚಿಸಿ ಮೂರು ದಿನ ಸುಮ್ಮನಿದ್ದೆ.

ನಾಳೆ ಏಳು ಗಂಟೆಗೆ ನೆವಿಲ್ ಸರ್ ಎದುರು ನಿಂತು ಎಲ್ಲ ಹೇಳುತ್ತೇನೆ. ಬೆಲ್ಲ ಹಾಕಿದ್ದು ನಾನೊಬ್ಬಳೇ ಎಂದು ಇಂಗ್ಲಿಷಿನಲ್ಲಿ ಬರೆದೂ ಇಟ್ಟಿದ್ದೇನೆ. ಆದರೆ ನನಗೆ ನನ್ನ ಮೇಲೆ ನಂಬಿಕೆ ಇಲ್ಲ ಮಗಾ. ಬಾಗಿಲವರೆಗೆ ಹೋಗಿ ವಾಪಸ್ ಬಂದರೂ ಬಂದೇನು. ಅದಕ್ಕೇ ಈ ಕಾಗದ. ನಿನಗೆ ಗೊತ್ತಾದ ಮೇಲೆ ನಾನು ಹಿಂದೆ ಸರಿಯಲು ಆಗುವುದಿಲ್ಲ. ನಮ್ಮ ಡ್ರೈವರ್ ನಿಶಾಂತ್ ಬೆಳಿಗ್ಗೆ ಬನಿಯಾಸ್ ಕಡೆಗೇ ಬರುವುದು, ನಿನ್ನ ಕೈಗೇ ಕೊಡುತ್ತಾನೆ. ಎಂಟು ಗಂಟೆಗೆ ನೆವಿಲ್ ಸರ್‌ಗೆ ಫೋನ್ ಮಾಡು. ನಾನು ಹೇಳಿಲ್ಲವೆಂದಾದರೆ ನೀನೇ ಹೇಳು, ನಿನ್ನ ಸಹಿ ಹಿಂದಕ್ಕೆ ತಗೋ, ಜಾಕಿಗಳನ್ನು ಮತ್ತೆ ಕೊಡಿಸು. ಅಮ್ಮ ಎಂದು ನೋಡಬೇಡ.

ನಿನ್ನ,
ಅಮ್ಮ
(ಶರ್ಮಿಳಾ)

ತಾ.ಕ.: ಇದನ್ನು ಬರೆಯುವುದೋ ಬೇಡವೋ ಎಂದು ಕಾಗದ ಮಡಚಿ ಮತ್ತೆ ಬಿಡಿಸಿದೆ. ಗುರುವಾರದ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ನಿನ್ನೆ ಬೆಳಿಗ್ಗೆ ಜುಮೇರಾ ಲೇಕ್ ಟವರ್ಸ್‌ನ ನಿನ್ನ ಆಫೀಸಿಗೆ ಫೋನ್ ಮಾಡಿ, ಆ ದಿನ ನಮ್ಮಲ್ಲಿ ತಿಥಿ ಉಂಟು, ಅಶ್ಮಿತಾಳನ್ನು ಕಳಿಸಬೇಡಿ ಎಂದವಳು ನಾನೇ. ಪರವಾಗಿಲ್ಲ ಆಂಟಿ, ಅವಳ ಬದಲು ನಾನೇ ಹೋಗ್ತೇನೆ ಎಂದಳು ನಿನ್ನ ಪಕ್ಕದ ಮೇಜಿನ ಪ್ರಾರ್ಥನಾ. ನಾನು ಥ್ಯಾಂಕ್ಯೂ ಮಗಾ ಎಂದು ಫೋನ್ ಇಟ್ಟೆ. ಅವಳಿಗೂ ಒಬ್ಬಳು ಅಮ್ಮ ಇದ್ದಾಳೆಂದು ನನಗೆ ಹೊಳೆದದ್ದು ಇವತ್ತು ಮಧ್ಯಾಹ್ನ, ಊಟ ಮಾಡಿ ಕೈ ತೊಳೆದ ಮೇಲೆ.