ಈ ಸಲ ಮುಂದಿನ ಸೀಟು ಅತ್ತೆಯವರದು

ಹೊಲಿಗೆ ಅಂಗಡಿಯಿಂದ,
ನವೆಂಬರ್ ೧೮

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯಲು ಮರೆಯಬೇಡಿ. ನಾನೂ ನಿಮ್ಮ ಅಮ್ಮನೂ ಗಟ್ಟಿಮುಟ್ಟಾಗಿದ್ದೇವೆ. ಎಷ್ಟು ಗಟ್ಟಿ ಎಂದರೆ, ಬರುವ ತಿಂಗಳ ಮೊದಲ ಶನಿವಾರ ಜೀಪು ಹತ್ತಿ ಮರುಭೂಮಿಗೆ ಹೊರಟಿದ್ದೇವೆ.

"ನಾನು ಬರೋತನಕ ಕಾಯ್ರಿ, ಹೆಂಗಸರಿಬ್ಬರೇ ಹೋದ್ರೆ ಮರಳಲ್ಲಿ ಹೂತುಹೋಗ್ತೀರಿ" ಎಂದು ಫೋನಿನಲ್ಲಿ ಗದರಿದಿರಲ್ಲ, ಕಾದದ್ದು ಸಾಕಾಯಿತು. ಮದುವೆಯಾದ ವರ್ಷ ನೀವು ಅಡುಗೆಮನೆಯ ಗೋಡೆಗೆ ಅಂಟಿಸಿದ ಮರುಭೂಮಿಯ ನಕಾಶೆ ಹೊಗೆ ಕುಡಿದು ಕಪ್ಪಾಗಿದೆ. ಪ್ರತಿ ರಜೆಯಲ್ಲೂ ಬರುತ್ತೀರಿ, ಜೀಪು ತೊಳೆಯುತ್ತೀರಿ, ಬಾನೆಟ್ ಎತ್ತಿ ಹೊಗಳುತ್ತೀರಿ, ಮತ್ತೆ ಹೊದಿಕೆ ಹಾಕಿ ಹಡಗು ಹತ್ತುತ್ತೀರಿ. ಅತ್ತೆಯವರ ಎಡಗಣ್ಣು ಹೋಗಿಯೇಬಿಟ್ಟಿತು. ಬಲಗಣ್ಣನ್ನೂ ಉಳಿಸಲಾಗದು ಎಂದು ಡಾಕ್ಟರು ಹೇಳಿದ್ದಾರೆ. ದೀಪವೇ ಇಲ್ಲದ ಕಡೆ ಮಲಗಿ ಆಕಾಶ ತುಂಬಾ ನಕ್ಷತ್ರ ನೋಡಬೇಕೆಂಬುದು ಅವರ ಆಸೆ. ಆ ಕಣ್ಣು ನಿಮ್ಮ ಮುಂದಿನ ರಜೆಗೆ ಕಾಯುವುದಿಲ್ಲ. ನನಗೆ ನಿಮ್ಮ ಮೇಲೆ ಕೋಪವಿದೆ, ಸುಳ್ಳೇಕೆ ಹೇಳಲಿ.

ಹಾಗೆಂದು ಕಣ್ಣು ಮುಚ್ಚಿಕೊಂಡು ಹೊರಟಿಲ್ಲ. ದಪ್ಪ ಕ್ಯಾನ್ವಾಸಿಗೆ ಎರಡೆರಡು ಹೊಲಿಗೆ ಹಾಕಿ ಡೇರೆ ನಾನೇ ಹೊಲಿದೆ. ಸಲಿಕೆ, ಹಲಗೆ, ನೀರಿನ ಕ್ಯಾನು ಎಲ್ಲ ಸಿದ್ಧ. ಬೀದಿ ಕೊನೆಯ ಮೆಕ್ಯಾನಿಕ್ಕೂ ಅವನ ಹೆಂಡತಿಯೂ ತಮ್ಮ ಗಾಡಿಯಲ್ಲಿ ಜೊತೆಗೆ ಬರುತ್ತಾರೆ. ಹೊಳೆದಂಡೆಯ ಮರಳಿನಲ್ಲಿ ಓಡಿಸಿ ಕಲಿತೆ. ಮೊದಲ ದಿನ ಗಾಲಿ ಅರ್ಧ ಹೂತಿತು, ನಿಜ. ಟಯರು ಕಲ್ಲಿನ ಹಾಗಿರಬೇಕು ಎಂದು ನೀವು ಹೇಳುತ್ತಿದ್ದಿರಲ್ಲ, ಹಾಗೇ ಬಿಗಿಯಾಗಿ ಗಾಳಿ ತುಂಬಿಸಿಕೊಂಡು ಹೋಗಿದ್ದೆ. ಮರಳಿಗೆ ಮೆತ್ತನೆಯ ಟಯರೇ ಬೇಕಂತೆ. ಮೆಕ್ಯಾನಿಕ್ ಬಂದು ಗಾಳಿ ಇಳಿಸಿದ್ದೇ ತಡ, ಜೀಪು ಸಲೀಸಾಗಿ ಮೇಲೆ ಬಂತು. ಅತ್ತೆಯವರು ಹಣೆ ಒರೆಸಿಕೊಂಡು, "ನನ್ನ ಮಗನಿಗೂ ಒಂಚೂರು ಗಾಳಿ ಇಳಿಸ್ಬೇಕು ಕಣೇ" ಎಂದರು. ನಗು ತಡೆಯಲಾಗದೆ ಮರಳಿನ ಮೇಲೇ ಕೂತುಬಿಟ್ಟೆ.

ಅತ್ತೆಯವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಬೈಗುಳವನ್ನು ಎದುರಿಗೇ ಕೊಡುತ್ತಾರಂತೆ.

ಇತಿ,
ನಿಮ್ಮ ಮಾತು ಕೇಳದ ಹೆಂಡತಿ

ತಾ.ಕ.: ಕಳೆದ ಸಲ ಹಡಗಿಗೆ ಹೋಗುವಾಗ ಜೀಪಿನ ಕೀ ನಿಮ್ಮ ಜೇಬು ಸೇರಿದ್ದು ಮರೆವಿನಿಂದಲ್ಲ ಎಂದು ನನಗೆ ಗೊತ್ತು. ಬೇರೆ ಮಾಡಿಸಿಕೊಂಡೆ. ಡಾಂಬರು ರಸ್ತೆ ಮುಗಿಯುವಲ್ಲಿರುವ ಕೊನೆಯ ಪೆಟ್ರೋಲ್ ಬಂಕಿನಲ್ಲಿ ಭಾನುವಾರ ಮಧ್ಯಾಹ್ನದವರೆಗೆ ನಿಮಗಾಗಿ ಕಾಯುತ್ತೇವೆ. ಆಮೇಲೆ ಯಾರಿಗೂ ಕಾಯುವುದಿಲ್ಲ. ಹಿಂದೆ ನೀರಿನ ಕ್ಯಾನುಗಳ ಪಕ್ಕ ನಿಮಗೊಂದು ಜಾಗ ಬಿಟ್ಟಿದ್ದೇನೆ. ಹೇಗಾದರೂ ರಜೆ ಹಾಕಿ ಬನ್ನಿ. ಸ್ಟಿಯರಿಂಗ್ ಮಾತ್ರ ಕೇಳಬೇಡಿ.