ಗುಲಾಬಿ ಕಣ್ಣಿನ ಮರಿ

ಶಿಜಾ,

ನೀನು ರಾತ್ರಿ ಕಾವಲು ಮುಗಿಸಿ ಬರುವಷ್ಟರಲ್ಲಿ ನಾನು ಮೀನು ಮಾರಲು ಮ್ವಾಂಜಾಕ್ಕೆ ಹೋಗಿರುತ್ತೇನೆ. ಉಗಾಲಿ ಮುದ್ದೆ ಮುಚ್ಚಿಟ್ಟಿದ್ದೇನೆ, ತಿಂದು ಮಲಗು.

ಬಿಳಿ ಹುಂಜವನ್ನು ಅದರ ಕಂದು ಮಗಳ ಜೊತೆ ಬಿಟ್ಟರೆ ಬಿಳಿ ಮರಿ ಬಂದೀತು ಎಂದಿದ್ದೆಯಲ್ಲ, ನಿನ್ನೆ ಸಂಜೆ ಬಂತು! ಮೈಯೆಲ್ಲ ಬಿಳಿ, ಕಣ್ಣು ಗುಲಾಬಿ. ಹುಂಜ ಸತ್ತ ಮೇಲೆ ಅದರಿಂದ ಉಳಿದಿದ್ದು ಈ ಕಾವಿನ ಮೊಟ್ಟೆಗಳು ಮಾತ್ರ, ಆದ್ದರಿಂದ ಇದನ್ನು ಹೇಗಾದರೂ ಉಳಿಸಿಕೊಳ್ಳಬೇಕು.

ಬಿಸಿಲಿಗೆ ಬಿಡಬೇಡ, ಅದಕ್ಕೆ ಕಣ್ಣು ತೆರೆಯಲಾಗುವುದಿಲ್ಲ. ಉಳಿದ ಮರಿಗಳು ಕುಕ್ಕುತ್ತವೆಂದು ಬೇರೆ ಬುಟ್ಟಿಯಲ್ಲಿಟ್ಟಿದ್ದೇನೆ. ಜೊತೆಗಿರುವ ಸಾಧು ಮರಿಯನ್ನು ಮಾತ್ರ ತೆಗೆಯಬೇಡ, ಒಂಟಿಯಾದರೆ ಇದು ಕಾಳು ಮುಟ್ಟುವುದಿಲ್ಲ.

ಪಕ್ಕದ ಮನೆಯ ಮಿಲೆಂಬೆ ಅಜ್ಜಿ ಬೇಲಿಯಾಚೆಯಿಂದಲೇ, "ದೆವ್ವದ ಮರಿ ಕಣೇ ಕಬುಲಾ, ಕತ್ತು ಮುರಿದು ಬಿಸಾಕು" ಅಂದರು. "ನಿಮ್ಮ ಬಾಯಿಗಿಂತ ಇದೇ ವಾಸಿ ಅಜ್ಜಿ" ಅಂದೆ. ಅವರು ಬಂದರೆ ಬುಟ್ಟಿಯ ಹತ್ತಿರ ಬಿಡಬೇಡ.

ಮರಿ ಚಿಪ್ಪೊಡೆದು ತಲೆ ಹೊರಗೆ ಹಾಕಿದಾಗ, "ಶಿಜಾ, ಬೇಗ ಬಾರೋ, ನೋಡು" ಎಂದು ಕೂಗಿಯೇಬಿಟ್ಟೆ. ನೀನು ಆಗಲೇ ಕೆಲಸಕ್ಕೆ ಹೊರಟುಹೋಗಿದ್ದೆ. ಒಳಗೆ ಹೋಗಿ ನಿನ್ನ ಖಾಲಿ ಚಾಪೆ ನೋಡಿಕೊಂಡು ಬಂದೆ.

ಇವತ್ತು ನಾನು ಬರುವವರೆಗೆ ಹೊರಡಬೇಡ. ತಡವಾಯಿತೆಂದು ಕೆಲಸದಲ್ಲಿ ಬೈದರೆ ಬೈಸಿಕೋ.

ಕಬುಲಾ